ಷಡ್ಡಕನ ಮನೆಯ ನೀಲಿ ನೀರು

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಹಿತ್ತಲಿಗೆ ಹೋದಾಗ ಕ್ಲೋರಿನೇಟರಿನ ಪೆಟ್ಟಿಗೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ನೀರಿನ ಹರಿವು ಸಾಲದು ಎಂದು ಅದರ ಅರ್ಥ. ತೊಟ್ಟಿಯ ನೀರನ್ನು ಪಂಪ್ ಎಳೆದು ಮರಳಿನ ಫಿಲ್ಟರಿಗೆ ಕಳಿಸಬೇಕು, ಅಲ್ಲಿಂದ ಅದು ಈ ಯಂತ್ರದ ಸೆಲ್ಲಿಗೆ ಬರಬೇಕು, ನೀರಿನಲ್ಲಿ ಕರಗಿಸಿದ ಉಪ್ಪಿನಿಂದ ಸೆಲ್ ಕ್ಲೋರಿನ್ ತಯಾರಿಸಬೇಕು, ಶುದ್ಧವಾದ ನೀರು ಮತ್ತೆ ತೊಟ್ಟಿಗೆ ಬೀಳಬೇಕು. ನೀರು ಸಾಕಷ್ಟು ಹರಿಯದಿದ್ದರೆ ಸೆಲ್ ಕೆಲಸ ನಿಲ್ಲಿಸಿ ಕೆಂಪು ದೀಪ ಹಚ್ಚಿಕೊಂಡು ಕೂರುತ್ತದೆ. ನಮ್ಮ ಕಚೇರಿಗಳಿಗಿಂತ ಇದು ಎಷ್ಟೋ ಮೇಲು. ಅವು ಕೆಲಸ ನಿಲ್ಲಿಸಿದಾಗ ದೀಪವನ್ನೂ ಹಚ್ಚುವುದಿಲ್ಲ.

ತೊಟ್ಟಿ ಎಂದೇ ಬರೆಯುತ್ತೇನೆ. ಈಜುಕೊಳ ಎಂದು ಬರೆಯಲು ಕೈ ಬರುವುದಿಲ್ಲ. ನೀರಿಗೆ ತತ್ವಾರವಾಗಿ ಊರೆಲ್ಲ ಕೊಡ ಹಿಡಿದು ಸಾಲು ನಿಂತಿದ್ದ ವರ್ಷ, ನನ್ನ ಷಡ್ಡಕ, ಎಂದರೆ ಇವಳ, ನನ್ನ ಹೆಂಡತಿಯ, ತಂಗಿಯ ಗಂಡ, ತನ್ನ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದ. ನಾನು ಪತ್ರಿಕೆಗೆ ಪತ್ರ ಬರೆದೆ. ಮನೆಗೊಂದು ಈಜುಕೊಳ ಎನ್ನುವುದು ನೆರೆಯವನ ಗಂಟಲಿಗೆ ಕೈ ಹಾಕಿದಂತೆ ಎಂದು ಬರೆದಿದ್ದೆ. ಸಂಪಾದಕರು ಆ ವಾಕ್ಯವನ್ನೇ ದಪ್ಪಕ್ಷರದಲ್ಲಿ ಹಾಕಿದ್ದರು. ಯಾರ ಹೆಸರನ್ನೂ ಹೇಳಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಷಡ್ಡಕ ಒಂದು ವರ್ಷ ನಮ್ಮ ಮನೆಯ ಕಡೆ ತಲೆಹಾಕಲಿಲ್ಲ. ಒಳ್ಳೆಯ ವರ್ಷ ಅದು.

ಈ ಹಳೆಯ ಮನೆ ಕೊಂಡಾಗ ಹಿತ್ತಲಲ್ಲಿ ತೊಟ್ಟಿ ಇದ್ದದ್ದು ನನ್ನ ತಪ್ಪಲ್ಲ. ಅದನ್ನು ಖಾಲಿ ಇಟ್ಟು ಮುರಿದ ಕುರ್ಚಿಗಳನ್ನು ತುಂಬಿದ್ದೆ. ಇವಳ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ, ನೀರಿನಲ್ಲಿ ನಡೆಯಬೇಕೆಂದು ವೈದ್ಯರು ಹೇಳಿದ ಮೇಲೆ ಕುರ್ಚಿ ತೆಗೆದು ನೀರು ತುಂಬಿಸಬೇಕಾಯಿತು. ತಿಂಗಳ ಕೊನೆಯ ತಪಾಸಣೆಯ ಹೊತ್ತಿಗೆ ಮಂಡಿ ತೊಂಬತ್ತು ಡಿಗ್ರಿ ಮಡಚದಿದ್ದರೆ ಅರಿವಳಿಕೆ ಕೊಟ್ಟು ಬಲವಂತವಾಗಿ ಮಡಚಬೇಕಾಗುತ್ತದಂತೆ. ಆ ಮಾತು ಕೇಳಿ ಇವಳ ಮುಖ ಬಿಳಿಚಿಕೊಂಡದ್ದನ್ನು ನೋಡಿದ್ದೇನೆ.

ಆದರೆ ತತ್ವ ಬಿಟ್ಟಿಲ್ಲ. ಮರಳಿನ ಫಿಲ್ಟರನ್ನು ಆಗಾಗ ಬ್ಯಾಕ್‌ವಾಶ್ ಮಾಡಬೇಕು, ನೀರನ್ನು ಹಿಮ್ಮುಖವಾಗಿ ಹರಿಸಿ ಕೊಳೆಯ ಸಮೇತ ಚರಂಡಿಗೆ ಬಿಡಬೇಕು ಎನ್ನುತ್ತದೆ ಕೈಪಿಡಿ. ಬಿಟ್ಟಿಲ್ಲ. ತುಂಬಿಸಿದ ದಿನದಿಂದ ಒಂದು ಹನಿಯೂ ಈ ಮನೆಯಿಂದ ಚರಂಡಿ ಸೇರಿಲ್ಲ.

ಪಂಪಿನಲ್ಲಿ ದೋಷವಿಲ್ಲ. ಫಿಲ್ಟರಿನ ಮೇಲಿರುವ ಒತ್ತಡದ ಮೀಟರಿನ ಮುಳ್ಳು ಪೂರ್ತಿ ಮೇಲೆ ನಿಂತಿದೆ; ಬಲಕ್ಕೇನೂ ಕೊರತೆಯಿಲ್ಲ. ದೋಷ ಬೇರೆ ಎಲ್ಲೋ ಇದೆ. ವಿಮಾ ಕಚೇರಿಯಲ್ಲಿ ಜನರ ನಷ್ಟಗಳನ್ನು ಪರಿಶೀಲಿಸಿ, ಹೊತ್ತಿಕೊಂಡ ಬೆಂಕಿ ಯಾವುದು, ಹಚ್ಚಿದ ಬೆಂಕಿ ಯಾವುದು ಎಂದು ಬೂದಿ ಮೂಸಿ ಹೇಳುತ್ತಿದ್ದವನು ನಾನು. ಇದೇನು ಮಹಾ.

ಮಾರ್ಚ್ 5, ಬುಧವಾರ

ತೊಟ್ಟಿಯ ಅಂಚಿನಲ್ಲಿ ಕಸ ಹಿಡಿಯುವ ಬುಟ್ಟಿ ತೆಗೆದು ನೋಡಿದೆ. ಪಕ್ಕದ ಮನೆಯವರ ಮರದ ಎಲೆಗಳು (ಈ ಬಗ್ಗೆ ಅವರಿಗೆ ಲಿಖಿತವಾಗಿ ತಿಳಿಸಿದ್ದೇನೆ), ಇವಳ ಕೂದಲಿನ ಒಂದು ಕ್ಲಿಪ್ಪು. ಪಂಪಿನ ಬುಟ್ಟಿಯನ್ನೂ ತೊಳೆದೆ. ಮುಚ್ಚಳದ ರಬ್ಬರಿಗೆ ಎಣ್ಣೆ ಸವರಿ, ಗಾಳಿ ನುಗ್ಗದಂತೆ ಬಿಗಿದೆ. ದೀಪ ಹಸಿರಾಯಿತು. ನಾನು ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಮತ್ತೆ ಕೆಂಪು.

"ರೀ, ಆ ಫಿಲ್ಟರ್ ಒಂದ್ಸಲ ತೊಳೆದು ನೋಡಿ," ಎಂದಳು ಇವಳು, ಕೋಲು ಊರಿಕೊಂಡು ಬಾಗಿಲಲ್ಲಿ ನಿಂತು.

"ಅದಲ್ಲ ಕಾರಣ."

"ನೋಡದೇನೇ ಹೇಗೆ ಗೊತ್ತಾಯ್ತು?"

"ಮೀಟರ್ ನೋಡಿದ್ದೀನಿ."

ಅವಳು ಒಳಗೆ ಹೋಗಿ ತಂಗಿಗೆ ಫೋನ್ ಮಾಡಿದಳು. ಸಂಜೆಯೊಳಗೆ ಷಡ್ಡಕನ ಕಾರು ಬಾಗಿಲಿಗೆ ಬಂತು. ಕರೆಯದೇ ಇದ್ದರೂ ಬರುವವನು, ಕರೆದರೆ ಕೇಳಬೇಕೆ.

"ಅಕ್ಕಾ, ನಮ್ಮ ಕೊಳ ಇರೋದು ಯಾರಿಗೆ? ಹತ್ತಿ, ಹತ್ತಿ. ಅಣ್ಣಾ, ನೀವೂ ಬನ್ನಿ. ಪೆನ್ನೂ ಕಾಗದಾನೂ ತನ್ನಿ, ಇನ್ನೊಂದು ಪತ್ರಕ್ಕೆ ವಿಷಯ ಸಿಗುತ್ತೆ."

"ನೀವು ಹೋಗಿ ಬನ್ನಿ," ಎಂದೆ. ಅವನನ್ನು ಎದುರಿಗೆ ಬಹುವಚನದಲ್ಲಿಯೇ ಮಾತನಾಡಿಸುತ್ತೇನೆ. ಗೌರವಕ್ಕಲ್ಲ, ನಡುವೆ ಜಾಗ ಇರಲಿ ಎಂದು.

ಇವಳ ಕೋಲನ್ನು ರಾಜದಂಡದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕಾರಿನ ಬಾಗಿಲು ತೆರೆದ. ಇವಳು ನಕ್ಕಳು. ಒದ್ದೆ ತಲೆಯಲ್ಲಿ ತಿರುಗಿ ಬಂದಾಗ ಕೆನ್ನೆ ಕೆಂಪಾಗಿತ್ತು.

"ನೀರು ಎಷ್ಟು ನೀಲಿ ಕಣ್ರೀ! ತಳದಲ್ಲಿ ಸೂಜಿ ಬಿದ್ದರೂ ಕಾಣುತ್ತೆ."

ನಾನು ನೀರಿನ ಬಣ್ಣ ಕೇಳಿರಲಿಲ್ಲ.

ಮಾರ್ಚ್ 8, ಶನಿವಾರ

ದಿನವೂ ಕಾರು ಬರುತ್ತಿದೆ. ಇವತ್ತು ಷಡ್ಡಕ ಪಂಪಿನ ಕೋಣೆಗೂ ನುಗ್ಗಿದ. ಮೋಟಾರು ಬಿಡಿಭಾಗಗಳ ಅಂಗಡಿ ನಡೆಸುವವನು. ಯಾವ ಯಂತ್ರ ಕಂಡರೂ ಹಳೆಯ ಸ್ನೇಹಿತನ ಬೆನ್ನು ತಟ್ಟುವಂತೆ ತಟ್ಟುತ್ತಾನೆ. ಕ್ಲೋರಿನೇಟರನ್ನೂ ತಟ್ಟಿದ. ಅದು ಕೆಂಪಾಗಿಯೇ ಇತ್ತು. ನನಗೆ ಅದರ ಮೇಲೆ ಸ್ವಲ್ಪ ಅಭಿಮಾನ ಹುಟ್ಟಿತು.

"ಏನಿಲ್ಲ ಅಣ್ಣಾ, ಸೆನ್ಸರ್ ಕೆಟ್ಟಿದೆ ಅಷ್ಟೆ. ಈ ಎರಡು ವೈರ್ ಕಿತ್ತು ಒಂದಕ್ಕೊಂದು ಸುತ್ತಿಬಿಡೋಣ. ನೀರು ಹರೀತಾ ಇದೆ ಅಂದ್ಕೊಂಡು ಅದರ ಪಾಡಿಗೆ ಅದು ಕೆಲಸ ಮಾಡುತ್ತೆ."

"ನೀರು ಹರಿಯದೆ ಸೆಲ್ ನಡೆದರೆ ಒಳಗೆ ಅನಿಲ ತುಂಬಿ ಪೈಪ್ ಸಿಡಿಯುತ್ತೆ. ಕೈಪಿಡಿಯಲ್ಲಿ ಇದೆ. ತೋರಿಸಲಾ?"

"ನೀವು ವಿಮೆಯವರು. ಊದುಬತ್ತಿ ಹಚ್ಚಿದರೂ ನಿಮಗೆ ಬೆಂಕಿ ಅನಾಹುತವೇ ಕಾಣುತ್ತೆ."

ಇವಳು ನಗುವನ್ನು ತಡೆಯಲು ಕೈ ಅಡ್ಡ ಹಿಡಿದಳು. ಆ ಕೈ ನನಗೆ ಗೊತ್ತು. ಇವಳ ತಂಗಿಯ ಮದುವೆಯಾದ ಹೊಸತರಲ್ಲಿ ಮಾವನವರ ಮನೆಯಲ್ಲಿ ಷಡ್ಡಕ ನನ್ನ ನಡಿಗೆಯನ್ನು ಅಣಕಿಸಿ ತೋರಿಸಿದ್ದ. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಕತ್ತು ಮುಂದೆ ಮಾಡಿಕೊಂಡು. ಮನೆಯವರೆಲ್ಲ ನಕ್ಕರು. ಇವಳೂ ಹೀಗೆಯೇ ಕೈ ಅಡ್ಡ ಹಿಡಿದಿದ್ದಳು. ನಾನು ಬಾಗಿಲ ಹಿಂದೆ ನಿಂತಿದ್ದು ಯಾರಿಗೂ ಗೊತ್ತಿಲ್ಲ. ನನಗೆ ಮರೆವು ಎನ್ನುವ ರೋಗ ಇಲ್ಲ.

ವೈರ್ ಮುಟ್ಟಲು ಬಿಡಲಿಲ್ಲ. ಈ ವಿಷಯದಲ್ಲಿ ನಾನು ಸರಿ. ಸರಿ ಎಂದು ಯಾರೂ ಹೇಳಲಿಲ್ಲ.

ಮಾರ್ಚ್ 11, ಮಂಗಳವಾರ

ಇಡೀ ಬೆಳಿಗ್ಗೆ ಕೆಲಸ. ವಿದ್ಯುತ್ ಆರಿಸಿ, ಸೆಲ್ ಬಿಚ್ಚಿದೆ. ಒಳಗಿನ ತಗಡುಗಳ ಮೇಲೆ ಸುಣ್ಣದ ಬಿಳಿ ಪದರ ಕಟ್ಟಿತ್ತು. ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಹಾಕಿದೆ. ನೊರೆ ಬಂದು ಬಿಳಿಯೆಲ್ಲ ಬಿಟ್ಟಿತು. ಹರಿವಿನ ಸೆನ್ಸರನ್ನೂ ಬಿಚ್ಚಿದೆ. ಪೈಪಿನೊಳಗೆ ನಾಲಗೆಯಂತೆ ಚಾಚಿಕೊಂಡಿರುವ ಒಂದು ಪುಟ್ಟ ರೆಕ್ಕೆ. ನೀರು ತಳ್ಳಿದರೆ ಬಾಗುತ್ತದೆ, ಬಾಗಿದರೆ ದೀಪ ಹಸಿರು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ಮತ್ತೆ ಕೂರಿಸಿದೆ. ಎಲ್ಲ ಜೋಡಿಸಿ ಪಂಪ್ ಹಾಕಿದೆ. ಕೆಂಪು.

ಪೈಪಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾಗಲೇ ಇವಳು ಷಡ್ಡಕನ ಮನೆಯಿಂದ ಬಂದಳು. ಕೋಲನ್ನು ಗೋಡೆಗೆ ಒರಗಿಸಿ, ಕೋಲಿಲ್ಲದೆ ನಾಲ್ಕು ಹೆಜ್ಜೆ ಇಟ್ಟು ನನ್ನ ಹತ್ತಿರ ಬಂದಳು.

"ಇವತ್ತು ನಾನು ತೇಲಿದೆ ಕಣ್ರೀ."

ಈ ವಯಸ್ಸಿನವರೆಗೆ ಇವಳು ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವಳಲ್ಲ.

"ಯಾರು ಹಿಡಿದಿದ್ದರು?"

ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು.

"ಯಾರೂ ಇಲ್ಲ. ನೀರು ಹಿಡಿದಿತ್ತು."

ಮಾರ್ಚ್ 12, ಬುಧವಾರ

ನೀರಂತೆ.

ಮಾರ್ಚ್ 14, ಶುಕ್ರವಾರ

ತೊಟ್ಟಿ ಹಸಿರಾಗುತ್ತಿದೆ. ಮೊದಲು ತಿಳಿ ಹಸಿರಿತ್ತು, ಇವತ್ತು ಹೆಸರುಕಾಳಿನ ಬಣ್ಣ. ಒಂದು ಕಪ್ಪೆಯೂ ಬಂದು ಸೇರಿಕೊಂಡಿದೆ. ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ.

ಬುಟ್ಟಿಯಲ್ಲಿ ಸಿಕ್ಕಿದ ಕ್ಲಿಪ್ಪನ್ನು ಇವಳಿಗೆ ತಲುಪಿಸಬೇಕಿತ್ತು. ಮನೆಗೆ ಬಂದ ಮೇಲೆ ಕೊಡಬಹುದಿತ್ತು, ಆದರೆ ಒದ್ದೆ ಕೂದಲಿಗೆ ಅಲ್ಲಿಯೇ ಬೇಕಾಗಬಹುದು ಎನ್ನಿಸಿತು. ನಡೆದುಕೊಂಡೇ ಹೋದೆ.

ಷಡ್ಡಕನ ಮನೆಯ ಪಕ್ಕದ ಗೇಟಿನಿಂದ ಕೊಳ ಕಾಣುತ್ತದೆ. ಇವಳು ಎದೆಮಟ್ಟದ ನೀರಿನಲ್ಲಿ ಈ ಕಡೆಯಿಂದ ಆ ಕಡೆಗೆ ನಡೆಯುತ್ತಿದ್ದಳು. ನೀರು ನಿಜಕ್ಕೂ ನೀಲಿ. ಹೀಗೆ ನೀಲಿ ಇರುವುದು ಸಭ್ಯವಲ್ಲ. ಷಡ್ಡಕ ದಂಡೆಯಲ್ಲಿ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡಿದ್ದ. ಅವನ ಮುಖ ಕಾಣಲಿಲ್ಲ. ಇವಳು ಏನೋ ಹೇಳಿದಳು, ಕೈಯನ್ನು ನೀರಿನಿಂದ ಎತ್ತಿ ಗಾಳಿಯಲ್ಲಿ ಬರೆಯುವಂತೆ ಆಡಿಸಿದಳು. ಷಡ್ಡಕನ ಹೆಗಲು ಕುಣಿಯಿತು. ಅವಳೂ ನಕ್ಕಳು. ಈ ಬಾರಿ ಕೈ ಅಡ್ಡ ಇರಲಿಲ್ಲ. ಬಾಯ್ತುಂಬ, ತಲೆ ಹಿಂದೆ ಚೆಲ್ಲಿ. ಆ ನಗು ನಮ್ಮ ಮನೆಯಲ್ಲಿ ಕೇಳಿಸಿ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

"ಭಾವ! ಗೇಟಲ್ಲಿ ಯಾಕೆ ನಿಂತ್ರಿ? ಮೀಟರ್ ಓದೋಕೆ ಬಂದವರ ಹಾಗೆ?" ಎಂದಳು ನಾದಿನಿ, ಅಡುಗೆಮನೆಯ ಕಿಟಕಿಯಿಂದ.

"ಇದನ್ನ ಕೊಡೋಕೆ ಬಂದೆ."

"ಕ್ಲಿಪ್ಪಾ? ಇಷ್ಟು ದೂರ, ಈ ಬಿಸಿಲಲ್ಲಿ?" ಕಿಟಕಿಯ ಸರಳಿನ ನಡುವೆ ಕೈ ಚಾಚಿ ತೆಗೆದುಕೊಂಡಳು. ಅವಳೂ ಕೊಳದ ಕಡೆ ನೋಡುತ್ತಿದ್ದಳು, ಅಲ್ಲಿಂದಲೇ, ಒಳಗಿನಿಂದಲೇ. "ಬನ್ನಿ, ಚಹಾ ಕುಡೀರಿ."

"ಬೇಡ. ಪಂಪ್ ಹಾಕಿ ಬಂದಿದ್ದೀನಿ."

ಸುಳ್ಳು. ಪಂಪ್ ಆರಿಸಿಯೇ ಹೋಗಿದ್ದೆ.

ಮಾರ್ಚ್ 17, ಸೋಮವಾರ

ಇವಳು ಚೀಲ ತುಂಬಿಕೊಂಡು ತಂಗಿಯ ಮನೆಗೆ ಹೋದಳು. ದಿನವೂ ಕಾರು ಹತ್ತಿ ಇಳಿಯುವುದೇ ಮಂಡಿಗೆ ನೋವಂತೆ. ಅಲ್ಲಿಯೇ ಉಳಿದರೆ ಎರಡು ಹೊತ್ತೂ ನೀರಿಗೆ ಇಳಿಯಬಹುದಂತೆ. ವ್ಯಾಯಾಮ ಹೇಳಿಕೊಡುವ ಹುಡುಗಿ ಮೊನ್ನೆ ಅಳೆದಾಗ ಮಂಡಿ ಎಂಬತ್ತಕ್ಕೆ ನಿಂತುಬಿಟ್ಟಿತ್ತು, ನಿಜ.

"ಎಷ್ಟು ದಿನ?" ಎಂದೆ.

"ಅದು ನಿಮ್ಮ ಕೈಲಿದೆ. ಫಿಲ್ಟರ್ ತೊಳೆದ ದಿನ ಫೋನ್ ಮಾಡಿ. ಆವತ್ತೇ ಬರ್ತೀನಿ."

"ಅಷ್ಟು ನೀರು ಚರಂಡಿಗೆ ಬಿಡು ಅಂತೀಯಾ? ನಾನು ಬರೆದಿದ್ದು..."

"ನೀವು ಬರೆದಿದ್ದು ನನಗೆ ಬಾಯಿಪಾಠ ಇದೆ. ಪತ್ರಿಕೆಯವರು ಮರೆತರು, ಊರು ಮರೀತು, ನೀರಿನ ಬರವೇ ಮುಗಿದುಹೋಯ್ತು. ನಿಮಗೆ ಮಾತ್ರ ಆ ಪತ್ರ ಇವತ್ತು ಬೆಳಿಗ್ಗೆ ಅಚ್ಚಾದ ಹಾಗೆ." ಚೀಲದ ಜಿಪ್ ಎಳೆದಳು. "ನನ್ನ ಕಾಲು ರೀ ಇದು. ತತ್ವಕ್ಕೆ ಮಂಡಿ ಇರಲ್ಲ, ನೋವಾಗಲ್ಲ."

ಷಡ್ಡಕ ಬಾಗಿಲಲ್ಲಿ ನಿಂತು ಕಾರಿನ ಬೀಗದಕೈ ಗೊಂಚಲನ್ನು ಆಡಿಸುತ್ತಿದ್ದ. ಒಂದು ಸಲವಾದರೂ ತಮಾಷೆ ಮಾಡಿದ್ದರೆ ಬೈಯಬಹುದಿತ್ತು. ಮಾಡಲಿಲ್ಲ.

ಮಾರ್ಚ್ 18, ಮಂಗಳವಾರ

ಕೋಲು ಇಲ್ಲಿಯೇ ಬಿಟ್ಟು ಹೋಗಿದ್ದಾಳೆ. ಅಲ್ಲಿ ಅದು ಬೇಕಾಗಿಲ್ಲವೋ ಏನೋ.

ಮಾರ್ಚ್ 20, ಗುರುವಾರ

ಕೈಪಿಡಿಯನ್ನು ಮೊದಲಿನಿಂದ ಓದಿದೆ. ಬ್ಯಾಕ್‌ವಾಶಿನ ಅಧ್ಯಾಯವನ್ನು ಇದುವರೆಗೆ ಓದಿರಲಿಲ್ಲ. ಮಾಡದ ಕೆಲಸದ ಬಗ್ಗೆ ಓದುವುದೇಕೆ. ಅದರಲ್ಲಿ ಒಂದು ಮಾತಿದೆ. ಮೀಟರಿನ ಮುಳ್ಳು ಮೇಲೆ ನಿಂತರೆ ಪಂಪಿಗೆ ಬಲ ಹೆಚ್ಚಾಯಿತು ಎಂದಲ್ಲ, ಮರಳಿನಲ್ಲಿ ಕೊಳೆ ಕಟ್ಟಿಕೊಂಡು ನೀರಿಗೆ ದಾರಿಯಿಲ್ಲವಾಯಿತು ಎಂದು.

ಇಷ್ಟು ಮುಖ್ಯವಾದ ಮಾತನ್ನು ಪುಸ್ತಕದ ಕೊನೆಯಲ್ಲಿ ಹಾಕಿದ್ದಾರೆ. ತಯಾರಕರಿಗೆ ಒಂದು ಪತ್ರ ಬರೆಯಬೇಕು.

ಅಂದರೆ ಎತ್ತಿಗೆ ಜ್ವರ ಬಂದಾಗ ನಾನು ಎಮ್ಮೆಗೆ ಬರೆ ಹಾಕುತ್ತಿದ್ದೆ. ಸೆಲ್ ತೊಳೆದೆ, ಸೆನ್ಸರ್ ಉಜ್ಜಿದೆ, ಪಾಪ, ಅವುಗಳದೇನೂ ತಪ್ಪಿರಲಿಲ್ಲ. ಇವಳು ಮೊದಲ ದಿನವೇ ಹೇಳಿದ್ದಳು ಎನ್ನುವುದು ಬೇರೆ ವಿಷಯ. ಅವಳು ಮೀಟರ್ ನೋಡಿ ಹೇಳಿದ್ದಲ್ಲ, ನನ್ನನ್ನು ನೋಡಿ ಹೇಳಿದ್ದು.

ಆದರೂ ನೀರು ಚರಂಡಿಗೆ ಬಿಡುವುದಿಲ್ಲ. ಉಪ್ಪು ಬೆರೆತದ್ದು, ಗಿಡಗಳಿಗೂ ಆಗದು. ಇಡೀ ಮಧ್ಯಾಹ್ನ ಯೋಚಿಸಿದೆ. ಡ್ರಮ್ಮುಗಳಲ್ಲಿ ತುಂಬಿಸಿಟ್ಟರೆ ಹೇಗೆ? ಕೊಳೆ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ನೀರನ್ನು ಮತ್ತೆ ತೊಟ್ಟಿಗೇ ಸುರಿಯಬಹುದು. ಅಷ್ಟು ದೊಡ್ಡ ಡ್ರಮ್ಮುಗಳು ಇರುವುದು ಷಡ್ಡಕನ ಅಂಗಡಿಯಲ್ಲಿ.

ಅವನನ್ನು ಕೇಳುವುದಿಲ್ಲ.

ಮಾರ್ಚ್ 21, ಶುಕ್ರವಾರ

ಕೇಳಬೇಕಾಗಲಿಲ್ಲ. ಬೆಳಿಗ್ಗೆ ಅವನೇ ಬಂದ, ಒಬ್ಬನೇ, ಇವಳು ಕಳಿಸಿದ ಊಟದ ಡಬ್ಬಿ ಹಿಡಿದುಕೊಂಡು. ಡಬ್ಬಿ ಮೇಜಿನ ಮೇಲಿಟ್ಟು ಹೋಗುತ್ತಾನೆಂದುಕೊಂಡರೆ ಹಿತ್ತಲಿಗೆ ಹೋಗಿ ತೊಟ್ಟಿಯ ಅಂಚಿನಲ್ಲಿ ಕೂತ.

"ಮನೆಗೆ ಹೋಗಲ್ವಾ?"

"ಅಲ್ಲಿ ನನಗೆಲ್ಲಿ ಜಾಗ ಅಣ್ಣಾ. ಅಕ್ಕ ತಂಗಿ ಸೇರಿಬಿಟ್ಟರೆ ನಾನು ಬೆಕ್ಕಿಗಿಂತ ಕಡೆ. ಬೆಕ್ಕಿಗಾದ್ರೂ ಹಾಲು ಹಾಕ್ತಾರೆ." ಕಪ್ಪೆ ನೀರಿಗೆ ಹಾರಿತು. "ಇದಕ್ಕೆ ಹೆಸರಿಟ್ಟಿದ್ದೀರಾ?"

"ಇಲ್ಲ."

"ಸಂಪಾದಕರು ಅಂತ ಇಡಿ. ಎಲ್ಲಾನೂ ಮೌನವಾಗಿ ನುಂಗುತ್ತೆ."

ನಾನು ನಗಲಿಲ್ಲ. ಬರೆಯುವಾಗ ಸ್ವಲ್ಪ ನಗು ಬಂತು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಆಮೇಲೆ ಅವನು ಹಸಿರು ನೀರನ್ನೇ ನೋಡುತ್ತ ಹೇಳಿದ್ದನ್ನು ಇದ್ದ ಹಾಗೆಯೇ ಬರೆದಿಡುತ್ತೇನೆ.

"ನನ್ನ ಕೊಳದ ನೀಲಿ ಕಂಡರೆ ನಿಮಗೆ ಹೊಟ್ಟೆ ಉರಿಯುತ್ತೆ ಅಂತ ಗೊತ್ತು ಅಣ್ಣಾ. ಅದು ಯಾಕೆ ಅಷ್ಟು ನೀಲಿ ಹೇಳಿ? ಯಾರೂ ಇಳಿಯಲ್ಲ, ಅದಕ್ಕೆ. ಒಂದು ಕೂದಲು ಬೀಳಲ್ಲ, ಒಂದು ಕ್ಲಿಪ್ಪು ಬೀಳಲ್ಲ. ವಾರಕ್ಕೊಮ್ಮೆ ಆಳು ಬಂದು ತೊಳೆದು ಹೋಗ್ತಾನೆ. ಕಟ್ಟಿಸಿದ್ದೇ ನಮ್ಮವಳಿಗೆ ಅಂತ. ನೀರು ಬಿಟ್ಟ ವಾರ ನಿಮ್ಮ ಪತ್ರ ಬಂತು. ಓದಿದಳು, ಪೇಪರ್ ಮಡಚಿಟ್ಟಳು, ಭಾವ ಹೇಳೋದು ಸರಿ, ನನಗೆ ನಾಚಿಕೆ ಆಗುತ್ತೆ ಅಂದಳು. ಆವತ್ತಿಂದ ಒಂದು ಕಾಲು ಅದ್ದಿಲ್ಲ. ನಾನೊಬ್ಬನೇ ಇಳಿದು ಏನು ಮಾಡ್ಲಿ?"

ನನ್ನ ಪತ್ರಕ್ಕೆ ಒಬ್ಬ ಓದುಗರಾದರೂ ಮನಸ್ಸು ಕೊಟ್ಟಿದ್ದರು ಎಂದು ಸಂತೋಷಪಡಬೇಕಿತ್ತು. ಗೇಟಿನ ಬಳಿ ನಿಂತಿದ್ದಾಗ ಕಿಟಕಿಯ ಸರಳಿನ ನಡುವೆ ಬಂದ ಆ ಕೈ ನೆನಪಾಯಿತು. ಬೇರೇನೂ ಅಲ್ಲ.

"ಇವಳು ಅಲ್ಲಿ ಏನು ಹೇಳಿ ನಗ್ತಾಳೆ?" ಎಂದೆ. ಕೇಳಬಾರದೆಂದಿದ್ದೆ.

"ನಿಮ್ಮ ಕಥೆನೇ! ಪಕ್ಕದ ಮನೆಯ ಮರಕ್ಕೆ ನೋಟಿಸ್ ಕೊಟ್ಟಿದ್ದು, ಆಸ್ಪತ್ರೆ ಗೋಡೆ ಮೇಲಿನ ಬೋರ್ಡಿನ ತಪ್ಪನ್ನ ಪೆನ್ನು ತಗೊಂಡು ತಿದ್ದಿದ್ದು. ನೀರಲ್ಲಿ ನಡೀತಾ ಬೇರೆ ಮಾತೇ ಇಲ್ಲ. ನಮ್ಮವಳು ನನ್ನ ಬಗ್ಗೆ ಹೇಳಬೇಕು ಅಂದ್ರೆ ಒಂದು ಲೋಟ ನೀರು ಕುಡಿಯೋಷ್ಟರಲ್ಲಿ ಮುಗಿಯುತ್ತೆ." ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. "ನನಗೂ ಸ್ವಲ್ಪ ಉರಿಯುತ್ತೆ ಅಣ್ಣಾ, ಇಲ್ಲ ಅನ್ನಲ್ಲ."

ನನ್ನನ್ನು ನಗೆಪಾಟಲು ಮಾಡಿದ್ದಾರೆ. ಇದನ್ನು ನೆನಪಿಟ್ಟುಕೊಳ್ಳಬೇಕು.

ಅವನು ಹೊರಟು ನಿಂತಾಗ, "ನಿಮ್ಮಂಗಡೀಲಿ ಡ್ರಮ್ ಇದ್ಯಾ?" ಎಂದೆ.

ಮಾರ್ಚ್ 22, ಶನಿವಾರ

ಡ್ರಮ್ಮುಗಳು ಬಂದವು. ಅವನು ಹಳೆಯ ಅಂಗಿ ಹಾಕಿಕೊಂಡು ಬಂದಿದ್ದ, ಅಷ್ಟು ಬುದ್ಧಿ ಇದೆ. ಪಂಪ್ ನಿಂತಿರುವಾಗ ಮಾತ್ರ ಫಿಲ್ಟರಿನ ಹಿಡಿಕೆ ತಿರುಗಿಸಬೇಕು ಎಂದು ನಾನು ಕೈಪಿಡಿ ಓದಿ ಹೇಳಿದೆ. ಅವನು ಸ್ವಿಚ್ಚಿನ ಹತ್ತಿರ. ನಾನು ದಪ್ಪ ಪೈಪಿನ ತುದಿಯನ್ನು ಡ್ರಮ್ಮಿಗೆ ಇಳಿಬಿಟ್ಟು ಹಿಡಿದು ನಿಂತೆ.

"ಹಾಕಲಾ ಅಣ್ಣಾ?"

"ಹಾಕಿ."

ಪೈಪಿಗೆ ಹಾವಿನ ಜೀವ ಬಂತು. ನನ್ನ ಕೈಯಿಂದ ಕಿತ್ತುಕೊಂಡು ಎದ್ದು, ಮುಖಕ್ಕೆ, ಕನ್ನಡಕಕ್ಕೆ, ಎದೆಗೆ, ಗೋಡೆಗೆ, ಕಿಟಕಿಯ ಗಾಜಿಗೆ ಕೆಸರು ನೀರು ಬಾರಿಸಿತು.

"ಏಯ್, ಆರಿಸೋ! ಆರಿಸೋ ಅಂದ್ರೆ!"

ಅವನು ಆರಿಸಿದ. ಸ್ವಿಚ್ಚಿನ ಪಕ್ಕದಲ್ಲಿಯೇ ಕುಸಿದು ಕೂತು, ಉಸಿರು ಸಿಗದೆ ನಕ್ಕ. ನಾನು ಕಣ್ಣು ಒರೆಸಿಕೊಂಡು, "ಹಲ್ಲು ಕಿಸಿದದ್ದು ಸಾಕು, ಬಂದು ಹಿಡಿ" ಎಂದೆ. ಆಮೇಲೆ ಇಬ್ಬರೂ ಪೈಪನ್ನು ಅಪ್ಪಿಕೊಂಡು ಹಿಡಿದೆವು. ಸ್ವಿಚ್ಚನ್ನು ಅವನು ಕಾಲು ಚಾಚಿ ಹೆಬ್ಬೆರಳಿನಲ್ಲಿ ಒತ್ತುತ್ತಿದ್ದ. ಮೊದಲ ಡ್ರಮ್ಮಿನ ನೀರು ಕಡು ಕಂದು, ಕೊನೆಯದು ಹೆಚ್ಚುಕಡಿಮೆ ತಿಳಿ. ಗೋಡೆ ಕುಡಿದ ನೀರನ್ನು ಬಿಟ್ಟರೆ ಒಂದು ಹನಿಯೂ ಚರಂಡಿಗೆ ಹೋಗಲಿಲ್ಲ. ಮೀಟರಿನ ಮುಳ್ಳು ಕೆಳಗೆ ಇಳಿದು ನಿಂತಿತು, ಬೈಸಿಕೊಂಡವರ ತಲೆಯ ಹಾಗೆ.

ಹಿಡಿಕೆ ಮೊದಲಿನ ಜಾಗಕ್ಕೆ ತಂದು ಪಂಪ್ ಹಾಕಿದರೆ ದೀಪ ಕೆಂಪು.

ಷಡ್ಡಕ ಬಾಯಿ ತೆರೆದ. "ವೈರ್ ವಿಷಯ ಎತ್ತಬೇಡ" ಎಂದೆ. ತೊಟ್ಟಿಗೆ ಬೀಳುವ ಧಾರೆ ನೋಡಿದೆ. ತೋಳಿನಷ್ಟು ದಪ್ಪ ಬೀಳುತ್ತಿತ್ತು. ನೀರು ಹರಿಯುತ್ತಿದೆ, ಯಂತ್ರ ಇಲ್ಲ ಎನ್ನುತ್ತಿದೆ. ಹಾಗಾದರೆ ಸಾಕ್ಷಿಯೇ ಸುಳ್ಳು. ಸೆನ್ಸರನ್ನು ಕನ್ನಡಕ ಒರೆಸಿಕೊಂಡು ನೋಡಿದೆ. ತಲೆಯ ಮೇಲೆ ಸಣ್ಣ ಬಾಣದ ಗುರುತು. ನೀರು ಹೋಗುವ ದಿಕ್ಕಿಗೆ ಇರಬೇಕಾದದ್ದು ನೀರು ಬರುವ ದಿಕ್ಕಿಗೆ ಮುಖ ಮಾಡಿತ್ತು. ಅವತ್ತು ಉಜ್ಜಿ ಕೂರಿಸುವಾಗ ತಿರುಗುಮುರುಗಾಗಿತ್ತು. ಇವಳು ತೇಲಿ ಬಂದ ದಿನ. ಪಂಪ್ ನಿಲ್ಲಿಸಿ, ಬಿಚ್ಚಿ, ತಿರುಗಿಸಿ ಕೂರಿಸಿದೆ.

ಹಸಿರು.

"ಅಕ್ಕಂಗೆ ಹೇಳ್ತೀನಿ!" ಎಂದು ಷಡ್ಡಕ ಜೇಬಿಗೆ ಕೈ ಹಾಕಿದ.

"ಇಡು ಫೋನ್ ಕೆಳಗೆ. ನಾನೇ ಹೇಳ್ಬೇಕು."

ಇವಳು ಎತ್ತಿದಳು. ಫಿಲ್ಟರ್ ತೊಳೆದೆ ಎಂದೆ. "ಒಬ್ಬರೇನಾ?" ಎಂದಳು.

"ಇಬ್ಬರು," ಎಂದೆ.

ಮಾರ್ಚ್ 26, ಬುಧವಾರ

ಆವತ್ತೇ ಬಂದಳು. ಹೇಳಿದಂತೆ. ನೀರು ತಿಳಿಯಾಗಲು ಮಾತ್ರ ಇಷ್ಟು ದಿನ ಹಿಡಿಯಿತು, ಅಲ್ಲಿಯವರೆಗೆ ಅಲ್ಲಿಗೇ ಹೋಗಿಬರುತ್ತಿದ್ದಳು. ಕಪ್ಪೆಯನ್ನು ಬಕೆಟ್ಟಿನಲ್ಲಿ ಹಿಡಿದು ಪಕ್ಕದ ಮನೆಯ ಮರದ ಬುಡಕ್ಕೆ ಬಿಟ್ಟೆ. ಎಲೆಗಳಿಗೆ ಪ್ರತಿಯಾಗಿ.

ಇವತ್ತು ಇವಳು ನಮ್ಮ ಕೊಳದಲ್ಲಿ ನಡೆದಳು. ನಾನು ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಪತ್ರಿಕೆ ಓದಿ ಹೇಳಿದೆ. ಸಂಪಾದಕೀಯದ ಎರಡನೆಯ ಪ್ಯಾರಾದಲ್ಲಿ ಹುರುಳಿಲ್ಲ ಎಂದೆ. ನಕ್ಕಳು. ಅಲ್ಲಿಯಷ್ಟು ಜೋರಾಗಿ ಅಲ್ಲ. ಅದನ್ನು ಗಮನಿಸಿದ್ದೇನೆ.

ನಮ್ಮ ನೀರು ಅವನದಷ್ಟು ನೀಲಿ ಇಲ್ಲ.

ಮಾರ್ಚ್ 29, ಶನಿವಾರ

ತೊಂಬತ್ತೆರಡು. ವೈದ್ಯರು ಎರಡು ಸಲ ಅಳೆದರು. ಅರಿವಳಿಕೆ ಬೇಡ. ಇವಳು ಹೊರಗೆ ಬಂದು ಮೊದಲು ಫೋನ್ ಮಾಡಿದ್ದು ತಂಗಿಯ ಮನೆಗೆ. ನಾನು ಪಕ್ಕದಲ್ಲಿಯೇ ಇದ್ದೆ, ನನಗೆ ಫೋನ್ ಮಾಡಬೇಕಾಗಿರಲಿಲ್ಲ ಎನ್ನುವುದು ನಿಜ.

ಏಪ್ರಿಲ್ 6, ಭಾನುವಾರ

ಷಡ್ಡಕನೂ ನಾದಿನಿಯೂ ಬಂದಿದ್ದರು. ಷಡ್ಡಕ ಬಂದವನೇ ಅಂಗಿ ಕಳಚಿ ನಮ್ಮ ಕೊಳಕ್ಕೆ ಎಮ್ಮೆ ಬಿದ್ದಂತೆ ಬಿದ್ದ. ಅರ್ಧ ನೀರು ದಂಡೆಗೆ ಬಂತು. ಇವಳು ಆಗಲೇ ನೀರಿನಲ್ಲಿದ್ದಳು. ನಾದಿನಿ ಕುರ್ಚಿಯಲ್ಲಿ ಕೂತು, ನೀರು ತಾಗದಂತೆ ಪಾದಗಳನ್ನು ಒಳಗೆ ಎಳೆದುಕೊಂಡಿದ್ದಳು.

"ನೀನೂ ಇಳಿಯಮ್ಮ," ಎಂದೆ.

"ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂದ ಹಾಗಾಯ್ತಲ್ಲ ಭಾವ. ಆ ಪತ್ರ?"

ಅವಳು ನಗುತ್ತಲೇ ಕೇಳಿದಳು, ಆದರೆ ಉತ್ತರಕ್ಕೆ ಕಾಯುತ್ತಿದ್ದಳು. ಷಡ್ಡಕ ನೀರಿನ ನಡುವೆ ನಿಂತುಬಿಟ್ಟ.

"ಆ ಪತ್ರ ಚರಂಡಿಗೆ ಹೋಗೋ ನೀರಿನ ವಿಷಯ," ಎಂದೆ. "ಇಲ್ಲಿಂದ ಒಂದು ಹನಿ ಹೋಗಲ್ಲ. ಡ್ರಮ್ ನೋಡು ಬೇಕಾದ್ರೆ. ನಿಮ್ಮ ಮನೆಗೂ ಹಾಗೇ ಮಾಡಿಕೊಡ್ತೀನಿ ಅಂತ ಇವನಿಗೆ ಹೇಳಿದ್ದೀನಿ."

ಹೇಳಿರಲಿಲ್ಲ. ಆಗ ಹೊಳೆದದ್ದು.

ನಾದಿನಿ ಎದ್ದು ಹೋಗಿ ನಿಜಕ್ಕೂ ಡ್ರಮ್ಮುಗಳನ್ನು ಬಗ್ಗಿ ನೋಡಿದಳು. ಬಂದು ದಂಡೆಯಲ್ಲಿ ಕೂತಳು. ಒಂದು ಕಾಲು ಇಳಿಬಿಟ್ಟಳು. ಆಮೇಲೆ ಇನ್ನೊಂದು. ಷಡ್ಡಕ ಏನೂ ತಮಾಷೆ ಮಾಡದೆ ಹತ್ತಿರ ಬಂದು ಅವಳ ಪಾದಗಳ ಪಕ್ಕದಲ್ಲಿ ನಿಂತ.

"ಎಲ್ಲರನ್ನೂ ಇಳಿಸಿ ನೀವು ದಂಡೆ ಕಾಯ್ತೀರಾ?" ಎಂದಳು ಇವಳು.

ಕಂಬಿ ಹಿಡಿದು ಇಳಿದೆ. ನೀರು ತಣ್ಣಗಿತ್ತು. ಈ ಬಗ್ಗೆ ಯಾರೂ ಮೊದಲೇ ಹೇಳಿರಲಿಲ್ಲ. ಎದೆಮಟ್ಟಕ್ಕೆ ಬಂದಾಗ ಇವಳು ಹಿಂದೆ ಬಂದು ನನ್ನ ಹೆಗಲು ಹಿಡಿದು, "ಹಿಂದಕ್ಕೆ ಒರಗಿ, ನಮ್ಮ ಆರಾಮ ಕುರ್ಚಿ ಅಂದ್ಕೊಳ್ಳಿ" ಎಂದಳು. ಒರಗಿದೆ. ಕಾಲು ನೆಲ ಬಿಟ್ಟಿತು. ತಲೆಯ ಕೆಳಗೆ ಒಂದು ಕೈ ಇತ್ತು, ಆಮೇಲೆ ಇರಲಿಲ್ಲ. ಕಿವಿಗಳು ನೀರಿನೊಳಗೆ ಹೋದವು. ಲೋಕದ ಸದ್ದೆಲ್ಲ ನಿಂತು, ಪಂಪಿನ ಗುನುಗು ಒಂದೇ, ದೂರದಲ್ಲಿ.

ಮೇಲೆ ಮೂವರ ಮುಖಗಳು ಕಾಣುತ್ತಿದ್ದವು. ಷಡ್ಡಕ ನನ್ನನ್ನು ತೋರಿಸಿ ಏನೋ ಹೇಳಿದ. ನಾದಿನಿ ನಕ್ಕಳು. ಇವಳೂ ನಕ್ಕಳು, ಬಾಯ್ತುಂಬ, ತಲೆ ಹಿಂದೆ ಚೆಲ್ಲಿ. ನನಗೆ ಒಂದಕ್ಷರವೂ ಕೇಳಿಸಲಿಲ್ಲ.

ಏನು ಹೇಳಿದ ಎಂದು ಮೇಲೆ ಬಂದ ಮೇಲೆ ಕೇಳಬೇಕೆಂದಿದ್ದೆ. ಮರೆತೆ.